ಈ ಕ್ರಿಸ್ಮಸ್ಸಿಗೆ ಹಂದಿ ತೊಡೆ ಬೇಡ

ಮನೆಯಿಂದ,
ಡಿಸೆಂಬರ್ ೧೦, ಬುಧವಾರ ಮಧ್ಯಾಹ್ನ

ರೀ,

ಹೇಗಿದ್ದೀರಿ? ನಿಜ ಹೇಳಿ, ಭಾನುವಾರದ ಫೋನಿನಲ್ಲಿ ಹೇಳುವ "ಗುಂಡುಕಲ್ಲಿನ ಹಾಗಿದ್ದೀನಿ" ಬೇಡ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ? ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಎದೆಯೊಳಗೆ ಸ್ಟೆಂಟ್ ಹಾಕಿಸಿಕೊಂಡು ಇನ್ನೂ ಏಳು ವಾರ ತುಂಬಿಲ್ಲ, ಆಗಲೇ ಕ್ರೇನ್ ಹತ್ತಿ ರಿಪೇರಿಗೆ ಇಳಿದಿದ್ದೀರಂತೆ. ರಜೆಗೆ ಬಂದ ನಿಮ್ಮ ಫೋರ್‌ಮನ್ ದಾರಿಯಲ್ಲಿ ಸಿಕ್ಕಿ ಹೇಳಿದರು, ಪಾಪ, ಅವರ ಮೇಲೆ ಹಾರಾಡಬೇಡಿ. ಇಲ್ಲಿ ಪುಟ್ಟಿ ಆರಾಮ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅದಿರುವುದು ಅವರ ಕುರ್ಚಿಯ ಪಕ್ಕದಲ್ಲಿ. ಅದಕ್ಕೇ ಹೊಲಿಗೆ ಯಂತ್ರದ ಮೇಲೆ ಹಾಳೆ ಇಟ್ಟುಕೊಂಡು, ಅವರು ಬಂದರೆ ಮುಚ್ಚಲು ಅರ್ಧ ಹೊಲಿದ ಶಾಲೆಯ ಅಂಗಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಕ್ರಿಸ್ಮಸ್ ಊಟಕ್ಕೆ ಯಾವ ಮಾಂಸವೆಂಬುದು ತೀರ್ಮಾನವಾಗಬೇಕು. ನಿಮ್ಮ ಮನೆಯಲ್ಲಿ ಅದು ಅತ್ತೆಯ ಹಕ್ಕು, ನಾನು ಬಂದ ಮೇಲೂ ಬದಲಾಗಿಲ್ಲ. ಅವರೇ ಅಂಗಡಿಗೆ ಹೋಗಿ ಹಂದಿ ತೊಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು, ಚರ್ಮದಡಿಯ ಕೊಬ್ಬು ಎರಡು ಬೆರಳು ದಪ್ಪ ಇರಬೇಕು, ಆ ಕೊಬ್ಬಿನಂಚಿನ ಮೊದಲ ತುಂಡು ಅವರ ಕೈಯಿಂದಲೇ ಮನೆಯ ಯಜಮಾನನ ತಟ್ಟೆಗೆ ಬೀಳಬೇಕು. ಮೊದಲು ಮಾವನಿಗೆ, ಮಾವ ಹೋದ ಮೇಲೆ ನಿಮಗೆ. ಒಂದು ತುಂಡಿಗೆ ಏನೂ ಆಗುವುದಿಲ್ಲ ಅನ್ನುತ್ತೀರಿ. ನಿಮ್ಮ ಅಮ್ಮನ ಕೈಯಿಂದ ಯಾವತ್ತು ಒಂದೇ ತುಂಡು ಬಿದ್ದಿದೆ? ನೀವೋ, ಅವರ ಮುಖ ನೋಡಿಕೊಂಡು ತಿಂದೇ ತಿನ್ನುತ್ತೀರಿ. ಒಂದು ವಾರದಿಂದ ಕೋಳಿ ಮಾಡೋಣ, ಕೋಳಿ ಮಾಡೋಣ ಎಂದು ಅದೇ ರಾಗ ಹಾಡುತ್ತಿದ್ದೇನೆ. "ಕೋಳಿ ಜ್ವರ ಬಂದೋರಿಗೆ ಸೂಪ್ ಮಾಡೋಕೆ, ಕ್ರಿಸ್ಮಸ್ಸಿಗಲ್ಲ" ಅಂದರು. ಮೀನು ಅಂದದ್ದಕ್ಕೆ ಎರಡು ದಿನ ಮಾತು ಬಿಟ್ಟರು.

ನಿನ್ನೆ ಅಂಗಡಿಯಲ್ಲಿ ನಡೆದದ್ದು ಕೇಳಿ. ಸಾಲು ಬೀದಿಯವರೆಗೆ ಇತ್ತು. ಅಂಗಡಿಯವನು ಕೊಕ್ಕೆಯಿಂದ ತೊಡೆ ಇಳಿಸಿ ಮುಂದಿಟ್ಟ, ಅತ್ತೆ ಒತ್ತಿ ನೋಡಿ ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ. ಕೊಬ್ಬೆಲ್ಲ ಕೆತ್ತಿ ತೆಗೆದುಬಿಡಿ, ಚರ್ಮವೂ ಬೇಡ ಎಂದುಬಿಟ್ಟೆ. ಅವನು ಕತ್ತಿ ಹಿಡಿದು ಇಬ್ಬರ ಮುಖ ನೋಡುತ್ತ ನಿಂತ. ಅತ್ತೆ ಸಾಲಿನಲ್ಲಿದ್ದವರೆಲ್ಲ ಕೇಳುವ ಹಾಗೆ, "ನನ್ನ ಮಗ ವರ್ಷಕ್ಕೊಂದ್ ಸಲ ಬಾಯ್ತುಂಬ ತಿಂದ್ರೆ ಇವಳಿಗೇನೋ ಹೊಟ್ಟೆಯುರಿ" ಅಂದರು. ಕಣ್ಣಲ್ಲಿ ನೀರು ಬಂತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. "ಮನೇಲಿ ಮಾತಾಡ್ಕೊಂಡ್ ಬನ್ನಿ ಅಮ್ಮಾ, ಇಪ್ಪತ್ತನೇ ತಾರೀಕಾದ್ಮೇಲೆ ಆರ್ಡರ್ ತಗೊಳ್ಳಲ್ಲ" ಎಂದು ಅವನು ಮುಂದಿನವರನ್ನು ಕರೆದ.

ಅಮ್ಮನಿಗೆ ಹೇಳಬಾರದೆಂದು ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದು ಭಾಷೆ ತೆಗೆದುಕೊಂಡಿರಿ. ಮಾವ ಹೋದದ್ದೂ ಇದೇ ಕಾಯಿಲೆಯಿಂದ, ರಕ್ತನಾಳದಲ್ಲಿ ಕೊಬ್ಬು ಕಟ್ಟಿ. ಡಾಕ್ಟರು ಹೇಳಿದ ಆ ಮಾತನ್ನು ಮುಚ್ಚಿಟ್ಟು, ಕೆಲಸದ ಆಯಾಸವೆಂದು ಅಮ್ಮನನ್ನು ಹದಿನೆಂಟು ವರ್ಷ ನಂಬಿಸಿದವರು ನೀವು. ಈಗ ನಿಮ್ಮದು ತಿಳಿದರೆ ಅವರು ಎರಡನ್ನೂ ಕೂಡಿಸಿ, ತನ್ನ ಕೈಯಡುಗೆಯೇ ಗಂಡನನ್ನು ಕೊಂದಿತು ಎಂದುಕೊಳ್ಳುತ್ತಾರೆಂಬ ಹೆದರಿಕೆ ನಿಮಗೆ. ಹೆದರಿಕೆ ಸರಿಯೇ. ಆದರೆ ಬಿಸಿ ತುಪ್ಪ ನನ್ನ ಬಾಯಲ್ಲಿದೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಿಮ್ಮ ಮೇಲೆ ನನಗೆ ಕೋಪವಿದೆ, ಕೋಪಕ್ಕಿಂತ ಹೆಚ್ಚು ಭಯವಿದೆ. ಭಾನುವಾರ ಫೋನ್ ಮಾಡಿದಾಗ ನೀವೇ ಅವರಿಗೆ ಹೇಳಿ. ಆಗದಿದ್ದರೆ ನಾನು ಕೊಟ್ಟ ಭಾಷೆಯಿಂದ ನನ್ನನ್ನು ಬಿಡಿಸಿ.

ಪುಟ್ಟಿ ಮುತ್ತು ಕಳಿಸಿದ್ದಾಳೆ. ಅತ್ತೆಯ ಆಶೀರ್ವಾದವನ್ನು ಕೇಳದೆಯೇ ಸೇರಿಸಿದ್ದೇನೆ, ಅದಕ್ಕಂತೂ ಅವರು ಇಲ್ಲವೆನ್ನುವವರಲ್ಲ. ಬೆಚ್ಚಗೆ ಹೊದ್ದು ಮಲಗಿ.

ನಿಮ್ಮ
ಹೊಟ್ಟೆಯುರಿಯವಳು

ತಾ.ಕ.: ಗುರುವಾರ ಬೆಳಿಗ್ಗೆ. ಅಂಚೆಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಭಾಷೆ ಮುರಿದೆ. ತೊಡೆಗೆ ಹೇಳಿಬರಲು ಅತ್ತೆ ಚಪ್ಪಲಿ ಮೆಟ್ಟಿ ಹೊರಟಾಗ ಬಾಗಿಲಿಗೆ ಅಡ್ಡ ನಿಂತು ನಿಮ್ಮ ವಿಷಯ ಹೇಳಿಬಿಟ್ಟೆ. ಮಾವನದು ಹೇಳಲಿಲ್ಲ. ಅವರು ಅಳಲಿಲ್ಲ, ಬೈಯಲೂ ಇಲ್ಲ. ಅಂಗಡಿಗೆ ಹೋಗಿ, ಚರ್ಮ ಸುಲಿದ ಕೋಳಿ ಸಾಕೆಂದು ಹೇಳಿ ಬಂದರು. "ನಂಗೆ ಗೊತ್ತಾಯ್ತು ಅಂತ ಅವನಿಗೆ ಹೇಳ್ಬೇಡ, ನಗ್ತಾ ಊಟ ಮಾಡ್ಲಿ" ಎಂದು ನನ್ನಿಂದ ಇನ್ನೊಂದು ಭಾಷೆ ತೆಗೆದುಕೊಂಡರು. ಅದನ್ನೂ ಈಗ ಮುರಿಯುತ್ತಿದ್ದೇನೆ. ಯಾಕೆಂದರೆ ಆಮೇಲೆ ಅವರು ಚಪ್ಪಲಿಯನ್ನೂ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, "ಅವರಪ್ಪಂಗೂ ನಾನೇ ಬಡಿಸ್ತಿದ್ದೆ ಅಲ್ವೇನೇ?" ಎಂದು ಕೇಳಿದರು. ಇನ್ನೂ ಅಲ್ಲೇ ಕೂತಿದ್ದಾರೆ. ರಜೆ ಸಿಗುವ ಇಪ್ಪತ್ನಾಲ್ಕರವರೆಗೆ ಕಾಯಬೇಡಿ, ಫೋನೂ ಮಾಡಬೇಡಿ, ಕೂಡಲೇ ಹೊರಟು ಬನ್ನಿ.