ಹೊಟ್ಟೆನೋವಲ್ಲ, ಅತ್ತಿಗೆ

ಪಾಕ್‌ಕಾಂಗ್, ಕಡಲತಾಯಿಯ ಗುಡಿ
ರಂಗದ ಹಿಂದಿನ ಚೌಕಿ
ಮೂರನೆಯ ತಿಂಗಳ ಇಪ್ಪತ್ತು, ಮಧ್ಯಾಹ್ನ

ಮೀನುಹೊಂಡದ ದಡದ ಮನೆಯ ಮಹಾಜನರೇ!

ಜಗಲಿಯಲ್ಲಿ ಬಲೆ ಹೆಣೆಯುತ್ತ ಕುಳಿತ ಷಡ್ಡಕರಾದ ಅಣ್ಣನವರೇ, ಇಡೀ ಕೇರಿಗೆ ಕಾಗದ ಓದಿ ಹೇಳುವ ಕಿಮ್-ಹಿಯೋ ಅತ್ತಿಗೆಯವರೇ, ಅಂಗಳದ ಮಕ್ಕಳೇ, ಗೋಡೆಯಾಚೆ ಕಿವಿಯಿಟ್ಟು ನಿಂತ ನೆರೆಹೊರೆಯವರೇ! ನಿಮ್ಮ ಮನೆಯ ಕಿರಿಯ ಅಳಿಯ, ಊರೂರಿನ ರಂಗದ ಮೇಲೆ ಖಳನಾಗಿ ಗರ್ಜಿಸುವ ತಿಯಾಮ್-ಚಾಯ್ ನಡು ಬಗ್ಗಿಸಿ ಮಾಡುವ ನಮಸ್ಕಾರಗಳು. ಇಲ್ಲಿ ಸರ್ವರೂ ಕ್ಷೇಮ. ಕಡಲತಾಯಿಯ ಹುಟ್ಟುಹಬ್ಬಕ್ಕೆ ಜನ ಕಿಕ್ಕಿರಿದಿದ್ದಾರೆ, ಪಟಾಕಿಯ ಹೊಗೆಯಲ್ಲಿ ಮುಖದ ಬಣ್ಣವೇ ಕಾಣಿಸದು.

ಇಷ್ಟು ಕೇಳಿದಿರಲ್ಲ, ಇನ್ನು ಸಭೆ ಚದುರಲಿ. ಅಣ್ಣಾ, ಮಕ್ಕಳನ್ನು ಹೊಂಡದ ಕಡೆಗೆ ಕರೆದೊಯ್ಯಿರಿ. ಅತ್ತಿಗೆ, ಈ ಸಾಲಿಗೆ ದನಿ ನಿಲ್ಲಿಸಿ. ಒಳಗೆ ಹೋಗಿ, ಕದ ಹಾಕಿಕೊಂಡು, ನಿಮ್ಮ ತಂಗಿ, ನನ್ನ ಹೆಂಡತಿ ಸಿಯು-ಬಿನ್ ಮಲಗಿರುವ ಮಂಚದ ಅಂಚಿನಲ್ಲಿ ಕುಳಿತು, ಅವಳೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ ಮುಂದಿನದನ್ನು ಓದಿ.

ಅವಳಿಗೆ ಹೊಟ್ಟೆನೋವಲ್ಲ, ಅತ್ತಿಗೆ.

ಇಂದಿಗೆ ಹದಿನೆಂಟು ದಿನಗಳ ಹಿಂದೆ ಚಿಯಾಯಿ ಪೇಟೆಯ ಒಂದು ಚಿಕ್ಕ ದವಾಖಾನೆಯಲ್ಲಿ ಅವಳ ಮೂರು ತಿಂಗಳ ಗರ್ಭವನ್ನು ತೆಗೆಸಿದ್ದೇನೆ. ಈ ಲೆಕ್ಕ ನಿಮ್ಮ ನೆನಪಿನಲ್ಲಿರಲಿ, ಆಸ್ಪತ್ರೆಯಲ್ಲಿ ಕೇಳುತ್ತಾರೆ. ನಿಮ್ಮ ಕಾರ್ಡು ಇಂದು ಬೆಳಗ್ಗೆ ಕೈ ಸೇರಿತು. ಜ್ವರ ಬಿಟ್ಟು ಬಿಟ್ಟು ಬರುತ್ತಿದೆ, ಕೆಳಹೊಟ್ಟೆ ಮುಟ್ಟಗೊಡಳು, ತನ್ನ ಬಟ್ಟೆಯನ್ನು ತಾನೇ ಬಾವಿಕಟ್ಟೆಯಲ್ಲಿ ಒಗೆಯುತ್ತಾಳೆ, ಯಾರನ್ನೂ ಹತ್ತಿರ ಸೇರಿಸಳು ಎಂದು ಬರೆದಿದ್ದೀರಿ. ಆ ಬಟ್ಟೆಯಲ್ಲಿ ಇನ್ನೂ ರಕ್ತವಿದೆ, ಅತ್ತಿಗೆ. ಹೆಸರುಕಾಳಿನ ಗಂಜಿ ಕೊಡುತ್ತಿದ್ದೇನೆ ಎಂದೂ ಬರೆದಿದ್ದೀರಿ. ದಯವಿಟ್ಟು ನಿಲ್ಲಿಸಿ. ನಮ್ಮಲ್ಲೂ ಎಲ್ಲರೂ ಅದನ್ನೇ ಕೊಟ್ಟರು.

ಹೇಗಾಯಿತೆಂದು ಹೇಳುತ್ತೇನೆ. ಹೆರಿಗೆಯಾದವಳಿಗೆ ಒಂದು ತಿಂಗಳ ಬಾಣಂತನವಿದ್ದಂತೆ ಗರ್ಭ ಇಳಿದವಳಿಗೂ ಚಿಕ್ಕ ಬಾಣಂತನವಿದೆಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ತಣ್ಣೀರು ಮುಟ್ಟಬಾರದು, ಗಾಳಿಗೆ ತಲೆಯೊಡ್ಡಬಾರದು, ಎಳ್ಳೆಣ್ಣೆ ಶುಂಠಿ ಹಾಕಿ ಬೇಯಿಸಿದ ಕೋಳಿ ತಿಂದು ಮಲಗಬೇಕು. ಆದರೆ ಆ ಒಂದು ತಿಂಗಳು ಅವಳು ಮೈಲಿಗೆ, ದೇವರೆದುರು ಬರುವಂತಿಲ್ಲ. ನಮ್ಮ ಆಟವೆಲ್ಲ ದೇವರೆದುರೇ. ನಮ್ಮ ತಂಡದ ವೀರ ಸೇನಾಪತಿ ನಿಮ್ಮ ತಂಗಿ. ಅವಳ ಮೀಸೆ, ಅವಳ ಭರ್ಜಿ ನೋಡಲೆಂದೇ ಮೂರೂರಿನ ಹೆಂಗಸರು ಮಣೆ ಹೊತ್ತು ಬರುತ್ತಾರೆ. ವರ್ಷದ ದೊಡ್ಡ ಹಬ್ಬದಲ್ಲಿ ಅವಳಿಲ್ಲದೆ ಆಟವೇ? ತಂಡದ ಯಜಮಾನಿಯಾದ ನನ್ನ ತಾಯಿಗೆ ಗೊತ್ತಾದರೆ ಅವಳನ್ನು ಕೂಡಲೇ ಮಲಗಿಸುತ್ತಿದ್ದಳು, ಕೋಳಿಯನ್ನೂ ತಾನೇ ಬೇಯಿಸುತ್ತಿದ್ದಳು, ಗುಡಿಯವರಿಗೆ ಆಟವಿಲ್ಲವೆಂದೂ ಹೇಳುತ್ತಿದ್ದಳು. ಅದಕ್ಕೇ ನಾನು ಹೇಳಲಿಲ್ಲ. ಉಷ್ಣಕ್ಕೆ ಹೊಟ್ಟೆ ಕೆಟ್ಟಿದೆ ಎಂದೆ.

ಉಷ್ಣವೆಂದ ಮೇಲೆ ತಂಪು ತಾನೇ ಔಷಧಿ? ಮಂಜುಗಡ್ಡೆ ಹಾಕಿದ ಹೆಸರುಕಾಳಿನ ಪಾಯಸ ಬಂತು, ಬೂದುಗುಂಬಳದ ಪಾನಕ ಬಂತು, ಕಲ್ಲಂಗಡಿ ಬಂತು. ಚಿಕ್ಕ ಬಾಣಂತನದಲ್ಲಿ ಯಾವುದೆಲ್ಲ ವರ್ಜ್ಯವೋ ಅದೆಲ್ಲ ಪ್ರೀತಿಯಿಂದ ಬಂತು. ನನ್ನ ತಾಯಿ ಬಟ್ಟಲು ಹಿಡಿದು ಅವಳ ಮುಂದೆ ಕೂತು, “ತಿನ್ನೇ ಮಾರಾಯ್ತಿ, ಸೇನಾಪತಿಗೆ ಹೊಟ್ಟೆ ಕೆಟ್ಟಿದೆ ಅಂತ ಶತ್ರು ಎರಡು ದಿನ ಬಿಟ್ಟು ಬರ್ತಾನಾ?” ಎಂದು ನಗಿಸಲು ನೋಡಿದಳು. ಸಿಯು-ಬಿನ್ ನನ್ನ ಮುಖವನ್ನೇ ನೋಡುತ್ತ ಬಟ್ಟಲು ಖಾಲಿ ಮಾಡಿದಳು. ನಾನು ಹುಬ್ಬಿಗೆ ಮಸಿ ತೀಡುತ್ತಿದ್ದೆ. ತೀಡುತ್ತಲೇ ಇದ್ದೆ.

ಮೂರನೆಯ ದಿನ ಅವಳು ರಂಗ ಹತ್ತಿದಳು. ಗಂಡುವೇಷಕ್ಕೆ ಎದೆಗೆ ಪಟ್ಟಿ ಬಿಗಿಯಬೇಕು. ಆ ದಿನ ಬಿಗಿಯುವಾಗ ಹಲ್ಲು ಕಚ್ಚಿ ಕಂಬ ಹಿಡಿದಳು. ಹೊಟ್ಟೆ ಬರಿದಾದ ಸುದ್ದಿ ಬಾತಿದ್ದ ಎದೆಗಿನ್ನೂ ತಲುಪಿರಲಿಲ್ಲ. ಬೆನ್ನಿಗೆ ನಾಲ್ಕು ಬಾವುಟ, ಕಾಲಿಗೆ ದಪ್ಪ ಅಟ್ಟೆಯ ಜೋಡು, ಕೈಯಲ್ಲಿ ಭರ್ಜಿ. ಎರಡನೆಯ ಸುತ್ತಿಗೇ ಅವಳ ತುಟಿ ಬೆಳ್ಳಗಾಯಿತು. ನಮ್ಮ ಆಟಕ್ಕೆ ಬರೆದಿಟ್ಟ ಮಾತಿಲ್ಲ, ನಿಂತಲ್ಲೇ ಹುಟ್ಟಿಸಬೇಕು. ಅವಳು ನಿಂತುಬಿಟ್ಟಳೆಂದು ಹೆದರಿ ನಾನು ಕೆಣಕಿದೆ: “ಏನಯ್ಯಾ ಸೇನಾಪತಿ, ಕಾಲು ನಡುಗ್ತಿದೆಯಾ?”

ಜನ ನಕ್ಕರು. ಅವಳು ಭರ್ಜಿ ಊರಿ ತಲೆಯೆತ್ತಿದಳು. “ನಡುಗ್ತಿರೋದು ನನ್ನ ಕಾಲಲ್ಲ ಕಣೋ. ನೀನು ನಿಂತಿರೋ ನೆಲ.”

ಏನು ಚಪ್ಪಾಳೆ! ಕುಣಿತ ಮುಗಿಸಿ ಒಳಬಂದವಳ ಷರಾಯಿ ಮೊಣಕಾಲಿನವರೆಗೆ ನೆನೆದಿತ್ತು. ಕೆಂಪು ವೇಷವಾದ್ದರಿಂದ ಯಾರಿಗೂ ಕಾಣಲಿಲ್ಲ. ನನಗೆ ಕಂಡಿತು. ಮಾರನೆಯ ದಿನವೂ ಕೆಂಪು ವೇಷದ ಪ್ರಸಂಗವನ್ನೇ ಇಡಿಸಿದವನು ನಾನು.

ಅವಳು ಅಳಲಿಲ್ಲ, ಅತ್ತಿಗೆ. ಅಳುವ ರಾಗ ಹಾಡಿ ಕಲ್ಲನ್ನೂ ಕರಗಿಸುವವಳು ಚೌಕಿಯಲ್ಲಿ ಪೆಟ್ಟಿಗೆಗಳ ಕಡೆ ಮುಖ ಮಾಡಿ ಕೂರುತ್ತಿದ್ದಳು. ಊಟಕ್ಕೆ ಕರೆದರೆ ಬರುವಳು, ಆಟಕ್ಕೆ ಕರೆದರೆ ಏಳುವಳು. ಒಂದು ಸಲ, ಆ ದವಾಖಾನೆಯ ಗೋಡೆಗೆ ಯಾವ ಬಣ್ಣವಿತ್ತು ಎಂದು ಕೇಳಿದಳು. ನೆನಪಿಲ್ಲವೆಂದೆ. “ನನಗೂ ನೆನಪಾಗ್ತಿಲ್ಲ. ಅಲ್ಲೇ ಬಿಟ್ಟು ಬಂದೆ, ಬಣ್ಣನಾದ್ರೂ ನೆನಪಿರಬೇಕಿತ್ತು,” ಎಂದಳು.

ನಿಮ್ಮಲ್ಲಿಗೆ ಬರುವ ಹಿಂದಿನ ದಿನ ಇಟ್ಟಿದ್ದು ಅನಾಥ ರಾಜಕುಮಾರನ ಪ್ರಸಂಗ. ಸೇನಾಪತಿ ಕೂಸನ್ನು ತಂದು ಮಂತ್ರಿಯ ಕೈಗೊಪ್ಪಿಸಬೇಕು. ಆ ಮರದ ಕೂಸು ನಮಗೆ ದೇವರು. ಅದನ್ನು ಆಟಿಕೆಯಂತೆ ಯಾರೂ ಮುಟ್ಟುವುದಿಲ್ಲ. ಅಂದು ಮಂತ್ರಿಯ ವೇಷ ನನ್ನದು. ಕೈ ಚಾಚಿದೆ. ಅವಳು ಕೊಡಲಿಲ್ಲ. ಗಂಟೆಯವನು ತಾಳ ಸುತ್ತಿಸಿದ, ಪಿಟೀಲಿನವನು ಅಳುವ ರಾಗ ಎತ್ತಿಕೊಟ್ಟ. ಅವಳ ಬಾಯಿ ತೆರೆಯಿತು, ಸ್ವರ ಬರಲಿಲ್ಲ. ಜನ ಅದನ್ನು ಅಭಿನಯವೆಂದುಕೊಂಡು ಬಿಕ್ಕಿದರು. ನಾನು ಬೆರಳು ಬೆರಳು ಬಿಡಿಸಿ ಕೂಸನ್ನು ಎಳೆದುಕೊಂಡೆ. ಅವಳಿಂದ ಎರಡನೆಯ ಸಲ ಎಳೆದುಕೊಂಡೆ, ಈ ಸಲ ಸಾವಿರ ಜನರೆದುರು.

ಬೆಳಗ್ಗೆ ಗಂಟು ಕಟ್ಟಿದಳು. ಹಿಂದೆ ಹೋದೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, “ನೀನು ಅಲ್ಲಿಗೆ ಬಂದ್ರೆ ನಾನು ಅಲ್ಲಿಂದಲೂ ಹೋಗ್ತೀನಿ. ಅಕ್ಕನಿಗೆ ಹೇಳಿದ್ರೂ ಅಷ್ಟೇ,” ಎಂದಳು. ಗುಡಿಯ ಕಡೆ ಕೈಯೆತ್ತಿಸಿ ಆಣೆ ಮಾಡಿಸಿಕೊಂಡಳು. ಆ ಆಣೆಯನ್ನು ಈಗ ಮುರಿಯುತ್ತಿದ್ದೇನೆ. ಸಿಯು-ಬಿನ್, ಕೇಳಿಸುತ್ತಿದೆಯಲ್ಲ? ನನ್ನನ್ನು ಬಯ್ಯಿ, ಆದರೆ ಅಕ್ಕನ ಜೊತೆ ಏಳು. ಮಗು ಬೇಡವೆಂದು ತೀರ್ಮಾನಿಸಿದವನು ನಾನು. ಗರ್ಭ ತೆಗೆಸಲು ಕಾನೂನಿಗೆ ಗಂಡನ ಒಪ್ಪಿಗೆಯ ಮೊಹರು ಬೇಕು. ಒತ್ತಿದ್ದು ಮೊದಲು, ನಿನಗೆ ಹೇಳಿದ್ದು ಆಮೇಲೆ. ನೀನು ಬೇಕೆನ್ನುತ್ತಿದ್ದೆಯೋ ಬೇಡವೆನ್ನುತ್ತಿದ್ದೆಯೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದ್ದರೆ ತಾನೇ ಗೊತ್ತಾಗುವುದು?

ಅತ್ತಿಗೆ, ಈ ಕಾಗದ ತರುತ್ತಿರುವ ಮೀನಿನ ಲಾರಿಯವನು ನನ್ನನ್ನೂ ಹತ್ತು ಎಂದ. ಹತ್ತಲಿಲ್ಲ. ನನ್ನನ್ನು ಕಂಡರೆ ಅವಳು ಜ್ವರದಲ್ಲೇ ಇನ್ನೆಲ್ಲಿಗಾದರೂ ಹೊರಡುತ್ತಾಳೆ. ಲಾರಿ ನಿಮ್ಮ ಬಾಗಿಲಲ್ಲೇ ನಿಂತಿರುತ್ತದೆ. ಅದರಲ್ಲೇ ಅವಳನ್ನು ಕೂರಿಸಿಕೊಂಡು ತೈನಾನ್ ಪಟ್ಟಣದ ದೊಡ್ಡ ಆಸ್ಪತ್ರೆಗೆ ಈಗಲೇ ಹೊರಡಿ. ಹೊಟ್ಟೆನೋವು ಎಂದು ಮಾತ್ರ ಹೇಳಬೇಡಿ. ಹದಿನೆಂಟು ದಿನ, ಮೂರು ತಿಂಗಳು, ನಿಲ್ಲದ ರಕ್ತ, ಜ್ವರ: ಇದನ್ನೇ ಹೇಳಿ. ನಾಚಿಕೆಪಡುವುದಿದ್ದರೆ ಅದು ನನ್ನ ಪಾಲಿಗಿರಲಿ.

ಇತಿ ನಿಮ್ಮ ಮೈದುನನೆನ್ನಲು ಯೋಗ್ಯತೆ ಉಳಿದಿಲ್ಲದ,
ತಿಯಾಮ್-ಚಾಯ್

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಆ ದಿನ ದವಾಖಾನೆಯ ವೈದ್ಯರು ನನ್ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದಿದ್ದರು. ಎರಡು ವಾರ ಭಾರ ಎತ್ತಿಸಬೇಡ, ಜ್ವರ ಬಂದರೂ ರಕ್ತ ಹೆಚ್ಚಾದರೂ ಒಂದು ದಿನವೂ ಕಾಯದೆ ಕರೆತಾ, ಹೆಂಡತಿಗೆ ಹೇಳು ಎಂದರು. ಹೇಳಿದರೆ ಅವಳು ಭರ್ಜಿ ಹಿಡಿಯುವುದಿಲ್ಲವೆಂದು ನಾನು ಹೇಳಲಿಲ್ಲ. ಅವಳಿಗೆ ಇದು ಈಗಷ್ಟೇ, ನಿಮ್ಮ ಬಾಯಿಂದ ಗೊತ್ತಾಗುತ್ತಿದೆ. ಇದನ್ನು ಕೇಳಿದ ಮೇಲೆ ಅವಳು ಏನೆಂದರೂ ಸರಿಯೇ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟು ಬಂದು ಆಸ್ಪತ್ರೆಯ ಗೇಟಿನ ಹೊರಗೆ ನಿಲ್ಲುತ್ತೇನೆ, ಅವಳ ಕಣ್ಣಿಗೆ ಬೀಳದ ಹಾಗೆ. ಗಂಡನೆಲ್ಲಿ, ಅವನನ್ನು ಕೇಳಬೇಕು ಎಂದು ಯಾರಾದರೂ ಹೊರಬಂದರೆ, ಅವಳನ್ನೇ ಕೇಳಿ ಎಂದು ಹೇಳಿ ಅಲ್ಲೇ ನಿಂತಿರುತ್ತೇನೆ.