ಕನ್ನಡಿ ಯಾವ ಗೋಡೆಗೆ

ಮಾರ್ಚ್ 4, ಸಂಜೆ 5
ಬಸ್ ನಿಲ್ದಾಣದ ಶೌಚಾಲಯದ ಪ್ಲಾನ್. ಆರನೇ ಸಲ ತಿದ್ದಿದ್ದು. ಹಳೆಯದರಲ್ಲಿ ಗಂಡಸರಿಗೆ ಹತ್ತು, ಹೆಂಗಸರಿಗೆ ನಾಲ್ಕು. ಮೂರು ದಿನ ಕ್ಯೂ ಪಕ್ಕ ನಿಂತು, ಹೆಂಗಸರು ಕಾಯುವ ಹೊತ್ತನ್ನು ವಾಚ್ ನೋಡಿ ಬರೆದ ಪಟ್ಟಿಯನ್ನು ಇಂಜಿನಿಯರ್ ಸಾಹೇಬರ ಮುಂದಿಟ್ಟೆ. "ನೋಡೋಣ" ಅಂದರು. ಅವರು ಎಲ್ಲದಕ್ಕೂ ಅನ್ನುವುದು ಅದೇ. ಆದರೂ ಮಧ್ಯಾಹ್ನ ಸಹಿ ಬಿತ್ತು! ಹೆಂಗಸರಿಗೆ ಒಂಬತ್ತು.

ತಂಗಿಗೆ ಫೋನ್ ಮಾಡಿದೆ. ಕಂಡಕ್ಟರ್ ಅವಳು. ಬೆಳಿಗ್ಗೆ ಆರಕ್ಕೆ ಬಸ್ ಹತ್ತಿದರೆ ಮಧ್ಯಾಹ್ನದವರೆಗೂ ತಡೆದುಕೊಂಡೇ ಇರುವುದು. ವರ್ಷದಲ್ಲಿ ಮೂರು ಸಲ ಇನ್‌ಫೆಕ್ಷನ್. ಇನ್ನೊಂದು ಸಲ ಆದರೆ ಕಿಡ್ನಿಗೇ ಬರುತ್ತದೆ ಅಂತ ಡಾಕ್ಟರ್ ಗದರಿದ್ದಾರೆ.

"ಬೇಗ ಕಟ್ಟಿಸೇ ಅಕ್ಕ" ಅಂದಳು.

ಮಾರ್ಚ್ 9
ನಲ್ಲಿ, ಬೇಸಿನ್ ಎಲ್ಲ ಪ್ಲಾನಿನಲ್ಲಿ ಬಾಗಿಲಿನ ಎದುರು ಗೋಡೆಗೆ ಸರಿಸಿದೆ. ಪೈಪ್ ಉಳಿಯಿತು. ಸಾಹೇಬರು ತಲೆಯಾಡಿಸಿದರು. ನನಗೆ ಎರಡು ಕೊಂಬು ಮೂಡಿದಷ್ಟು ಜಂಬ.

ಏಪ್ರಿಲ್ 19, ಮಧ್ಯಾಹ್ನ


ಗೋಡೆ ಎದ್ದಿದೆ. ಬಾಗಿಲಿನ ಮುಂದೆ ಮರೆಗೆ ಅಡ್ಡಗೋಡೆಯೂ ಆಗಿದೆ. ಎತ್ತರ ಗುರುತು ಹಾಕೋಣ ಅಂತ ಮೇಸ್ತ್ರಿ ಕನ್ನಡಿ ತಂದು ಎದುರು ಗೋಡೆಗೆ ಆನಿಸಿದರು. ಒಳಗೆ ನಿಂತು ನೋಡುತ್ತಿದ್ದೆ. ಫೋನ್ ಬಂತು.

"ಅಕ್ಕ, ಈಗ ತಲೆ ಕೆರ್ಕೊಂಡೆ ಅಲ್ವಾ?"

"ನಿಂಗೆ ಹೇಗೆ ಗೊತ್ತು?"

"ಹೊರಗೆ ಡ್ರೈವರ್‌ಗಳ ಬೆಂಚ್ ಮೇಲೆ ಕೂತಿದ್ದೀನಿ. ಕನ್ನಡೀಲಿ ಪೂರ್ತಿ ಕಾಣ್ತಿದ್ದೀಯ. ಹಿಂದಿನ ಬಾಗಿಲುಗಳೂ."

ಓಡಿ ಹೋಗಿ ನಾನೂ ಕೂತು ನೋಡಿದೆ. ಹೌದು. ಅಡ್ಡಗೋಡೆ ಪಕ್ಕದ ಸಂದಿಯಿಂದ ನೇರ ಕನ್ನಡಿ, ಕನ್ನಡಿಯಲ್ಲಿ ಒಂಬತ್ತೂ ಬಾಗಿಲು. ಒಬ್ಬ ಡ್ರೈವರ್ ಪಾಪ ಎದ್ದು ಬೇರೆ ಕಡೆ ಹೋದರು.

"ಹೀಗಿದ್ರೆ ನಾನಂತೂ ಹೋಗಲ್ಲಪ್ಪ. ತಡ್ಕೊಳ್ಳೋದು ಅಭ್ಯಾಸ ಆಗಿದೆ" ಅಂದಳು. ನಗುತ್ತಲೇ ಅಂದಳು. ನನಗೆ ಅಳು ಬಂತು.

ಪೈಪ್ ಉಳಿಸಲು ಹೋದ ಬುದ್ಧಿವಂತೆ ನಾನೇ. ನಾಳೆ ಬೆಳಿಗ್ಗೆ ಗೋಡೆ ಕೊರೆದು ಪೈಪ್ ಕೂರಿಸುತ್ತಾರೆ. ಆಮೇಲೆ ಮುಗಿಯಿತು.

ಏಪ್ರಿಲ್ 20, 10:30
ಸಾಹೇಬರ ರೂಮಿಗೆ ಹೋದೆ. ತಪ್ಪು ನನ್ನದು ಅಂತ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಸಹಿ ಆಗಿದೆಯಲ್ಲಮ್ಮ... ನೋಡೋಣ."

"ಬಂದೇ ನೋಡಿ ಸಾರ್."

ಇಷ್ಟು ಧೈರ್ಯ ಎಲ್ಲಿಂದ ಬಂತೋ. ಬಂದರು. ಇಬ್ಬರು ಡ್ರೈವರ್‌ಗಳ ನಡುವೆ ಕೂತರು. ನಾನು ಮೊದಲೇ ಒಳಗೆ ನಿಲ್ಲಿಸಿದ್ದ ತಂಗಿ ಕನ್ನಡಿಯಲ್ಲಿ ಕೈ ಬೀಸಿದಳು. ಸಾಹೇಬರೂ ಅಭ್ಯಾಸಬಲದಿಂದ ಕೈ ಬೀಸಿದರು. ಆಮೇಲೆ ಮೆಲ್ಲಗೆ ಇಳಿಸಿದರು. ಮುಖ ಕೆಂಪಾಗಿತ್ತು.

"ಮೇಸ್ತ್ರಿ, ಕೊರೀಬೇಡಿ. ಕನ್ನಡಿ, ಬೇಸಿನ್ ಎಲ್ಲ ಪಕ್ಕದ ಗೋಡೆಗೆ ಹಾಕಿ."

ನನಗೆ ಒಂದು ಮಾತೂ ಬೈಯಲಿಲ್ಲ! ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಜೂನ್ 2, ಬೆಳಿಗ್ಗೆ 9:40
ಇವತ್ತು ಬಾಗಿಲು ತೆರೆದರು. ಟೇಪ್ ಇಲ್ಲ, ಭಾಷಣ ಇಲ್ಲ. ಸದ್ಯ.

ತಂಗಿ ಟಿಕೆಟ್ ಮಷೀನ್ ನನ್ನ ಕೈಗೆ ತುರುಕಿ ಒಳಗೆ ಹೋದಳು. ಐದು ನಿಮಿಷ... ಏಳು... ಮತ್ತೇನು ತಪ್ಪು ಮಾಡಿದೆನೋ ಅಂತ ಜೀವ ಬಾಯಿಗೆ ಬಂತು. ಮುಖ ತೊಳೆದುಕೊಂಡು, ಕೂದಲು ಬಾಚಿಕೊಂಡು ಬಂದಳು.

"ಯಾಕೇ ಇಷ್ಟು ಹೊತ್ತು?"

"ಯಾರೂ ಅವಸರ ಮಾಡ್ಲಿಲ್ಲ. ಇದ್ದೆ."

ಅಷ್ಟೇ. ಬಸ್ ಹತ್ತಿ ಹೋದಳು.

ಈಗ ಗೊತ್ತಾಗುತ್ತಿದೆ, ಗಾಬರಿಯಲ್ಲಿ ಬೆಳಿಗ್ಗೆಯಿಂದ ನಾನೇ ಹೋಗಿಲ್ಲ. ಕ್ಯೂನಲ್ಲಿ ನಿಂತೇ ಗೀಚುತ್ತಿದ್ದೇನೆ. ನನ್ನ ಮುಂದೆ ಇಬ್ಬರು. ಒಬ್ಬರು. ಎರಡು ನಿಮಿಷವೂ ಆಗಿಲ್ಲ, ಪಟ್ಟಿಯಲ್ಲಿ ಬರೆದದ್ದಕ್ಕಿಂತ ಬೇಗ... ಓ, ಬಾಗಿಲು ತೆಗೆ—