ಒಂದಕ್ಕೆ ಒಂದೂವರೆ

೮ ಸೆಪ್ಟೆಂಬರ್ ೨೦೨೪, ಭಾನುವಾರ. ಯಲಬುರ್ಗಾ

ಐದಕ್ಕೆ ಎದ್ದೆ. ನಡಿಗೆ, ಸ್ನಾನ, ಪತ್ರಿಕೆ. ಹೆಂಡತಿ ಪಂಪಾವತಿಗೆ ಗಂಜಿ ನುಂಗಲು ನಿನ್ನೆಗಿಂತ ಹೆಚ್ಚು ಹೊತ್ತು ಹಿಡಿಯಿತು. ಗಂಟಲ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಅಕ್ಟೋಬರ್ ಹದಿನಾಲ್ಕಕ್ಕೆ, ಹುಬ್ಬಳ್ಳಿಯಲ್ಲಿ. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುತ್ತಾರೆ. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ — ವೈದ್ಯರು ಹೇಳಿದ್ದು ಇಷ್ಟೇ.

ಅವಳ ಕೇಳಿಕೆ ಒಂದೇ. ಮಾಘದಲ್ಲಿ ಮಗಳು ಅಮೃತಾಳ ಮದುವೆ. ಸುರಗಿ ಸುತ್ತುವಾಗ — ಮೂಲೆಗೊಂದು ತಂಬಿಗೆಯಿಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿದಾಗ — ತನ್ನ ಹಾಡೇ ಇರಬೇಕು. ಓಣಿಯ ಎಲ್ಲ ಸುರಗಿಗಳಿಗೂ ಹಾಡಿದವಳು.

“ನನ್ನ ಮಗಳ ಸುರಗಿಗೆ ಬ್ಯಾರೇದೋರು ಹಾಡಬಾರದ್ರಿ. ಧ್ವನಿ ಇರೂದ್ರಾಗ ಹಿಡದಿಡ್ರಿ.”

ರೆಕಾರ್ಡರ್ ಬೇಕು. ನನ್ನದು ಗುಂಡಿ ಒತ್ತುವ ಹಳೆಯ ಫೋನು.

೧೧ ಸೆಪ್ಟೆಂಬರ್, ಬುಧವಾರ

ಬಸ್ ಸ್ಟ್ಯಾಂಡ್ ಎದುರಿನ ಶಫೀಸಾಬನ ಆನ್‌ಲೈನ್ ಸೆಂಟರಿಗೆ ಹೋದೆ. ಏಳನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ನನ್ನ ಕ್ರೆಡಿಟ್ ಕಾರ್ಡಿನಲ್ಲಿ ರಿವಾರ್ಡ್ ಪಾಯಿಂಟ್ಸ್ ಬಹಳ ಕೂಡಿವೆ, ಅವುಗಳಿಂದಲೇ ರೆಕಾರ್ಡರ್ ತರಿಸಬಹುದೆಂದ. ಎಲ್ಲವೂ ಅವಳ ಸ್ಕ್ಯಾನು, ಔಷಧಿ, ಆಸ್ಪತ್ರೆಯ ಬಿಲ್ಲುಗಳಿಂದ ಬಂದವು. ಅವಳ ನೋವಿಗೆ ಬ್ಯಾಂಕು ಹಾಕಿದ ಅಂಕಗಳು.

“ಇವತ್ತ ಆರ್ಡರ್ ಹಾಕಿದ್ರ ಸಣ್ಣ ಮಷಿನ್ ಬರತೈತ್ರಿ ಸರ. ಒಂದನೇ ತಾರೀಕಿಂದ ಎಲೆಕ್ಟ್ರಾನಿಕ್ಸಿಗೆ ಬೋನಸ್ ಐತಿ. ಪಾಯಿಂಟಿನ ಕಿಮ್ಮತ್ತು ಒಂದಕ್ಕ ಒಂದೂವರಿ. ದೊಡ್ಡ ಮೈಕಿಂದು ಬರತೈತಿ. ಆದ್ರ… ಅಮ್ಮಾರು ಅಲ್ಲೀತನ ತಡೀತಾರೇನ್ರಿ?”

ಲೆಕ್ಕ ಹಾಕಿದೆ. ಒಂದಕ್ಕೆ ಆರ್ಡರ್, ಆರಕ್ಕೆ ಕೈಗೆ. ಹದಿನಾಲ್ಕಕ್ಕೆ ಇನ್ನೂ ಎಂಟು ದಿನ. ತಡೆಯುತ್ತೇವೆ ಎಂದೆ.

ಪಂಪಾವತಿಗೆ ವಿವರಿಸಿದೆ. ನಕ್ಕಳು — ನಗು ಕೆಮ್ಮಾಯಿತು.

“ಸಂತಿ ಮುಗಿಯೂ ಹೊತ್ತಿಗೆ ಬದನಿಕಾಯಿ ಸೋವಿ ಆಗತಾವಂತ ಕುಂತು, ಬರೇ ಚೀಲ ತಂದೋರು ನೀವು.”

೨೨ ಸೆಪ್ಟೆಂಬರ್, ಭಾನುವಾರ

ಗಿಣಿಗೇರಾದಿಂದ ಅಮೃತಾ ಬಂದಳು. ಅಲ್ಲಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ತಾಯಿ ಮಗಳು ಒಳಗೆ ಸೇರಿ, ಫೋನಿನಲ್ಲೇ ಹಾಡು ಹಿಡಿಯತೊಡಗಿದ್ದರು. ನನ್ನನ್ನು ಕೇಳಿರಲಿಲ್ಲ.

ಬಾಗಿಲಲ್ಲಿ ನಿಂತೆ. ‘ನಾಕು ತಂಬಿಗಿ ನಡುವ ಕುಂತಾಳ ನನ ಕೂಸ…’ ಧ್ವನಿ ಒಡೆದಿತ್ತು. ಎರಡನೆಯ ಸಾಲಿಗೆ ಪಕ್ಕದ ಹಿಟ್ಟಿನ ಗಿರಣಿ ಶುರುವಾಯಿತು. ಸಾಕು, ಅಳಿಸು ಎಂದೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಹೇಳಿದ್ದು ಅದನ್ನೇ: ಕೆಟ್ಟ ಬರಹ ಪಾಟಿಯ ಮೇಲೆ ಉಳಿಯಬಾರದು, ಒರೆಸಿ, ಹೊಸದಾಗಿ ಬರೆಯಿರಿ. ಮಷಿನ್ ಬಂದ ಮೇಲೆ, ಗಿರಣಿ ಬಂದಾದ ಹೊತ್ತು ನೋಡಿ, ಶುದ್ಧವಾಗಿ ಮಾಡೋಣ.

ಅಮೃತಾ ತಾಯಿಯ ಮುಖ ನೋಡಿದಳು. ಅಳಿಸಿದಳು.

ಪಂಪಾವತಿ ಸೌತೆಕಾಯಿ ಹೆಚ್ಚಲು ಕೂತಳು. ಮತ್ತೆ ಹಾಡಲಿಲ್ಲ.

೨೯ ಸೆಪ್ಟೆಂಬರ್, ಭಾನುವಾರ. ಕೊಪ್ಪಳ, ಆಸ್ಪತ್ರೆ

ನಿನ್ನೆ ಬೆಳಿಗ್ಗೆ ಉಸಿರು ಸಿಕ್ಕಿಕೊಂಡಿತು. ಅಂಬುಲೆನ್ಸ್. ಕತ್ತಿನಲ್ಲಿ ರಂಧ್ರ ಮಾಡಿ ನಳಿಕೆ ಇಟ್ಟರು. ಬೇರೆ ದಾರಿ ಇರಲಿಲ್ಲವಂತೆ. ಇಲ್ಲಿಂದ ನೇರ ಹುಬ್ಬಳ್ಳಿಗೆ.

ಜೀವವಿದೆ. ತುಟಿ ಆಡುತ್ತದೆ. ಧ್ವನಿ ಬರುವುದಿಲ್ಲ. ಇನ್ನು ಬರುವುದಿಲ್ಲ.

೧ ಅಕ್ಟೋಬರ್. ಹುಬ್ಬಳ್ಳಿ. ಬೆಳಿಗ್ಗೆ ೯

ಬ್ಯಾಂಕಿನ ಮೆಸೇಜ್: ಬೋನಸ್ ಇಂದಿನಿಂದ. ಹಿಂದೆಯೇ ಶಫೀಸಾಬನ ಫೋನು — ಆರ್ಡರ್ ಹಾಕಲೇ? ಅವನಿಗೆ ವಿಷಯ ತಿಳಿದಿಲ್ಲ. ಓಟಿಪಿ ಓದಿ ಹೇಳಿದೆ. ಯಾಕೆ ಹೇಳಿದೆನೋ.

ಸಣ್ಣ ಮಷಿನ್ನಿಗೂ ದೊಡ್ಡದಕ್ಕೂ ಅಂತರ ಸಾವಿರದ ಎಂಟುನೂರು ರೂಪಾಯಿ. ಕೈಯಿಂದ ಹಾಕಬಹುದಿತ್ತು. ಅಂದು ಹೊಳೆಯಲೇ ಇಲ್ಲ…

ಮಧ್ಯಾಹ್ನ

ಫೋನಿನಲ್ಲಿ ಹುಡುಕು ಎಂದು ಅಮೃತಾಳನ್ನು ಬೇಡಿಕೊಂಡೆ. ಹೌದು, ಬೇಡಿಕೊಂಡೆ. ಬಹಳ ಹೊತ್ತು ಹುಡುಕಿದಳು.

“ಇಲ್ಲಪ್ಪಾ. ಪೂರಾ ತಗದುಬಿಟ್ಟೀನಿ. ನೀವು ಅಳಿಸು ಅಂದ್ರ ಗುರುತೂ ಉಳಿಸಬಾರದಲ್ರಿ.”

ಚುಚ್ಚಲೆಂದು ಆಡಿದ ಮಾತಲ್ಲ. ಹಾಗೆಯೇ ಬೆಳೆಸಿದ್ದೇನೆ.

೩ ನವೆಂಬರ್, ಭಾನುವಾರ. ಯಲಬುರ್ಗಾ

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದು ಐದು ದಿನ. ಮಷಿನ್ನಿನ ಡಬ್ಬಿಯನ್ನು ಕಪಾಟಿನ ಮೇಲೆ ಒಗೆದಿದ್ದೆ. ಇಂದು ಪಂಪಾವತಿಯೇ ಇಳಿಸಿ, ಬಿಚ್ಚಿ, ನನ್ನ ಮುಂದಿಟ್ಟಳು. ಮಾತಿಗಾಗಿ ಆಸ್ಪತ್ರೆಯಲ್ಲಿ ಕೊಟ್ಟ ಪಾಟಿಯ ಮೇಲೆ ಬರೆದಳು: ನೀವು ಹಾಡ್ರಿ.

ಆಗದು ಎಂದೆ. ಪಾಟಿಯನ್ನು ಒರೆಸಲಿಲ್ಲ; ಹಾಗೆಯೇ ಎದುರಿಗೆ ಹಿಡಿದು ಕೂತಳು.

ಗುಂಡಿ ಒತ್ತಿದೆ. ಮೊದಲ ಸಾಲು ಹೇಗೋ ಬಂತು. ಎರಡನೆಯದಕ್ಕೆ ನಿಂತೆ. ಅವಳು ಬರೆದು ತೋರಿಸಿದಳು: ‘ನೂಲು ಹರಿಯದ್ಹಂಗ ಸುತ್ತೀರೆ.’ ಅಕ್ಷರ ಸಿಕ್ಕವು. ರಾಗ ತಿಳಿಯದು. ಇಷ್ಟು ವರ್ಷ ಒಂದೇ ಮನೆಯಲ್ಲಿ ಕೇಳಿದ ಹಾಡು.

ತಪ್ಪಿತು. ಅಳಿಸಲು ಕೈ ಹೋಯಿತು. ಮಣಿಕಟ್ಟು ಹಿಡಿದಳು — ಇರಲಿ. ಅಷ್ಟರಲ್ಲಿ ಗಿರಣಿ ಶುರುವಾಯಿತು. ಅದೂ ಇರಲಿ ಎಂದು ಕೈಸನ್ನೆ ಮಾಡಿದಳು. ಗಾಳಿಯಲ್ಲಿ ಬೆರಳೆತ್ತಿ ರಾಗ ತೋರಿಸತೊಡಗಿದಳು. ಇಲ್ಲಿ ಏರು, ಇಲ್ಲಿ ತಡೆ, ಇಲ್ಲಿ ಇಳಿ. ನಾನು ಹಾಡಿದೆ. ಬೆರಳು ಇನ್ನೂ ಮೇಲೆ, ಇನ್ನೂ ಮೇಲೆ ಎನ್ನುತ್ತಿತ್ತು. ನನ್ನ ಗಂಟಲು ಅಲ್ಲಿಗೆ ಏರಲಿಲ್ಲ. ಆದರೂ ನಿಲ್ಲಿಸಲಿಲ್ಲ, ಅಳಿಸಲಿಲ್ಲ.